ಸ್ಪೋರ್ಟ್ ಅಂತ ಬರೆದ ಸೆಂಟು ತಗೊಳ್ಳಬೇಕಾ?

ಪ್ರಶ್ನೆ: ನಮ್ಮ ತಂದೆ ರಾಲ್ಫ್ ಲಾರೆನ್ ಕಂಪನಿಯ ಪೋಲೋ ಹಾಕಿಕೊಳ್ಳುತ್ತಿದ್ದರು, ಹಸಿರು ಬಾಟಲಿಯದ್ದು. ಮದುವೆ, ಮುಂಜಿ ಅಂದ್ರೆ ಅವರ ಶರ್ಟಿನಿಂದ ಆ ವಾಸನೆ ಬರಲೇಬೇಕು. ನನಗೂ ಅದೇ ಬೇಕು, ಆದ್ರೆ ಆಫೀಸಿಗೆ ಜಾಸ್ತಿ ಆಗುತ್ತೇನೋ ಅನ್ನಿಸುತ್ತೆ. ಪೋಲೋ ಸ್ಪೋರ್ಟ್ ತಗೊಂಡರೆ ಅದೇ ವಾಸನೆ ಸ್ವಲ್ಪ ತೆಳುವಾಗಿ ಸಿಗುತ್ತಾ? ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಡೋದಕ್ಕೆ ಮುಂಚೆ ಹಾಕಿಕೊಳ್ಳಬಹುದಾ?
– ಓದುಗರು, ಜಯನಗರ

ಉತ್ತರ: ಇಲ್ಲ ಸಾರ್, ಆ ವಾಸನೆ ಇದರಲ್ಲಿ ಸಿಗಲ್ಲ. ದುಡ್ಡು ಕೊಡೋದಕ್ಕೆ ಮುಂಚೆ ಇದು ಗೊತ್ತಿರಲಿ.

ನಿಮ್ಮ ತಂದೆಯವರ ಪೋಲೋ 1978ರದ್ದು, ಮಾಡಿದವರು ಕಾರ್ಲೋಸ್ ಬೆನಾಯಿಮ್. ಪೈನ್ ಮರ, ಲೆದರ್, ತಂಬಾಕು, ಪಚ್ಚೆತೆನೆ, ಲಾವಂಚ, ಎಲ್ಲ ಸೇರಿ ದಟ್ಟವಾದ, ಸ್ವಲ್ಪ ಒರಟಾದ ವಾಸನೆ. ಪೋಲೋ ಸ್ಪೋರ್ಟ್ ಬಂದದ್ದು 1994ರಲ್ಲಿ, ಅದು ಹ್ಯಾರಿ ಫ್ರೆಮಾಂಟ್ ಅವರ ಕೈಯದ್ದು. ಅದರಲ್ಲಿ ಪುದೀನ, ಶುಂಠಿ, ಲ್ಯಾವೆಂಡರ್, ಸಮುದ್ರದ ಪಾಚಿಯ ಛಾಯೆ. ಇಬ್ಬರು ಅಣ್ಣತಮ್ಮಂದಿರು ಅಂದುಕೊಳ್ಳಿ, ಇನಿಷಿಯಲ್ ಒಂದೇ, ಸ್ವಭಾವ ಪೂರ್ತಿ ಬೇರೆ. ಹಸಿರು ಬಾಟಲಿಗೆ ನೀರು ಬೆರೆಸಿ ನೀಲಿ ಬಾಟಲಿಗೆ ತುಂಬಿದ್ದಾರೆ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಅದನ್ನು ಬೇರೆ ಸೆಂಟು ಅಂತಲೇ ಮೂಸಿ ನೋಡಬೇಕು, ಆಗ ಅದು ನಿಜಕ್ಕೂ ಚೆನ್ನಾಗಿದೆ.

ಎಲ್ಲ ಕಂಪನಿಯವರೂ ಇಷ್ಟು ದೂರ ಹೋಗಿಲ್ಲ. ಶನೆಲ್‌ನವರ ಅಲ್ಯೂರ್ ಓಮ್ 1999ರಲ್ಲಿ ಬಂತು, ಅದರ ಸ್ಪೋರ್ಟ್ 2004ರಲ್ಲಿ. ಎರಡನ್ನೂ ಮಾಡಿದವರು ಜಾಕ್ ಪೋಲ್ಜ್. ಸ್ಪೋರ್ಟ್‌ನಲ್ಲಿ ಮೊದಲು ಕಿತ್ತಳೆ, ಸಮುದ್ರದ ಗಾಳಿ, ಮೆಣಸು ಬಂದರೂ ಒಂದೆರಡು ಗಂಟೆ ಕಳೆದ ಮೇಲೆ ಅಡಿಯಲ್ಲಿ ಹಳೆಯ ಅಲ್ಯೂರ್‌ನದ್ದೇ ಆದ ಟೋಂಕಾ ಬೀಜದ, ವೆನಿಲಾದಂಥ ಸಿಹಿ ಉಳಿದುಕೊಳ್ಳುತ್ತೆ. ಹಳೆಯದರ ಗುರುತೂ ಇರಬೇಕು, ಹಗುರವಾಗಿಯೂ ಇರಬೇಕು ಅನ್ನೋರಿಗೆ ನಾನು ಇದನ್ನೇ ಹೇಳೋದು.

ಸ್ಪೋರ್ಟ್ ಅನ್ನೋದಕ್ಕೆ ಯಾವ ಕಾಯಿದೆಯೂ ಇಲ್ಲ, ಅಳತೆಯೂ ಇಲ್ಲ, ಕಂಪನಿಯವರು ಇಟ್ಟದ್ದೇ ಹೆಸರು. ಸಾಮಾನ್ಯವಾಗಿ ಅವರು ಮಾಡೋದು ಇಷ್ಟೇ: ಲೆದರ್, ಸಿಹಿ, ಮಸಾಲೆ ಕಡಿಮೆ ಮಾಡಿ ನಿಂಬೆ ಜಾತಿಯ ಹಣ್ಣು, ಶುಂಠಿ, ಸಮುದ್ರದ ವಾಸನೆ ಜಾಸ್ತಿ ಮಾಡ್ತಾರೆ. ಆಮೇಲೆ ಡೈಹೈಡ್ರೋಮೈರ್ಸೆನಾಲ್ ಅಂತ ಒಂದು ರಾಸಾಯನಿಕ ಇದೆ. ಅದು ಸೋಪು, ಬಟ್ಟೆ ಒಗೆಯೋ ಪುಡಿಗಳಲ್ಲೂ ಇರುತ್ತೆ. ಸ್ಪೋರ್ಟ್ ಸೆಂಟು ಹಾಕಿದವರು ಈಗಷ್ಟೇ ಸ್ನಾನ ಮಾಡಿ ಇಸ್ತ್ರಿ ಬಟ್ಟೆ ಹಾಕಿ ಬಂದಂತೆ ಅನ್ನಿಸೋದಕ್ಕೆ ಅದೂ ಒಂದು ಕಾರಣ.

ಓಡೋದಕ್ಕೆ ಮುಂಚೆ ಮಾತ್ರ ದಯವಿಟ್ಟು ಹಾಕಬೇಡಿ. ಬೆವರಿಗೆ ತನ್ನದೇ ವಾಸನೆ ಹೆಚ್ಚೇನೂ ಇಲ್ಲ, ಚರ್ಮದ ಮೇಲಿನ ಬ್ಯಾಕ್ಟೀರಿಯಾದಿಂದ ವಾಸನೆ ಬರುತ್ತೆ, ಅದನ್ನು ತಡೆಯೋ ಕೆಲಸ ಡಿಯೋಡರೆಂಟ್‌ದು. ಸೆಂಟು ಅದರ ಮೇಲೆ ಇನ್ನೊಂದು ವಾಸನೆ ಸೇರಿಸುತ್ತೆ ಅಷ್ಟೇ, ಪಕ್ಕದಲ್ಲಿ ಓಡುವವರಿಗೂ ಕಷ್ಟ. ಸೆಂಟಿನಲ್ಲಿರೋ ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಎಣ್ಣೆ ಶುದ್ಧ ಮಾಡಿರದಿದ್ದರೆ ಬಿಸಿಲಿಗೆ ಚರ್ಮ ಕಪ್ಪಾಗೋದೂ ಉಂಟು. ಓಡಿ, ಮನೆಗೆ ಬಂದು ಸ್ನಾನ ಮಾಡಿ, ಮೈ ಒರೆಸಿಕೊಂಡು ಆಮೇಲೆ ಹಾಕಿ.

ಇನ್ನೊಂದು ಮಾತು. ನಿಮಗೆ ಬೇಕಿರೋದು ಅಪ್ಪನ ವಾಸನೆಯೇ ಆದರೆ ಸುಮ್ನೆ ಸುತ್ತಿ ಬಳಸಬೇಡಿ, ಹಸಿರು ಬಾಟಲಿಯನ್ನೇ ತನ್ನಿ. ಇದು ರಾಯಚೂರಲ್ಲ, 900 ಮೀಟರ್ ಎತ್ತರದಲ್ಲಿರೋ ಬೆಂಗಳೂರು. ಡಿಸೆಂಬರ್ ಸಂಜೆಗೆ ಆ ದಟ್ಟ ವಾಸನೆ ಎಷ್ಟು ಚೆನ್ನಾಗಿ ಹೊಂದುತ್ತೆ ಗೊತ್ತಾ! ಆಫೀಸಿಗೆ ಅಂಗಿಯ ಒಳಗೆ, ಎದೆಗೆ ಒಂದೇ ಸಲ ಹೊಡೆದರೆ ಸಾಕು, ಮೆಟ್ರೋದಲ್ಲಿ ಪಕ್ಕದವರೂ ಮುಖ ತಿರುಗಿಸಲ್ಲ. ಆದರೆ ಇಂಥ ಹಳೆಯ ಸೆಂಟುಗಳಲ್ಲಿ ಬಳಸುತ್ತಿದ್ದ ಓಕ್‌ಮಾಸ್ ಎಂಬ, ಮರದ ಮೇಲೆ ಬೆಳೆಯೋ ಕಲ್ಲುಹೂವಿನಿಂದ ಕೆಲವರಿಗೆ ಅಲರ್ಜಿ ಆಗುತ್ತೆ ಅಂತ ಉದ್ಯಮದವರೇ ಅದರ ಬಳಕೆಗೆ ಮಿತಿ ಹಾಕಿಕೊಂಡಿದ್ದಾರೆ. ಹಾಗಾಗಿ ಅವುಗಳ ಇಂದಿನ ಬಾಟಲಿ ಅಂದಿನದಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಇರಬೇಕು ಅಂತ ನಿರೀಕ್ಷಿಸಬೇಡಿ.

ಪ್ರಶ್ನೆ: ನನ್ನ ಗಂಡನಿಗೆ ಸ್ಪೋರ್ಟ್ ಸೆಂಟು ತಂದುಕೊಟ್ಟೆ. ಮಲ್ಲೇಶ್ವರದಿಂದ ಎಲೆಕ್ಟ್ರಾನಿಕ್ ಸಿಟಿ ತಲುಪೋ ಹೊತ್ತಿಗೆ ವಾಸನೆಯೇ ಇರಲ್ಲ ಅಂತಾರೆ. ನಕಲಿ ಮಾಲಾ?
– ಓದುಗರು, ಮಲ್ಲೇಶ್ವರ

ಉತ್ತರ: ಅಷ್ಟಕ್ಕೇ ನಕಲಿ ಅನ್ನೋಕಾಗಲ್ಲ ಮೇಡಂ. ನಿಂಬೆ, ಕಿತ್ತಳೆಯಂಥ ವಾಸನೆ ಬೇಗ ಹಾರಿಹೋಗುತ್ತೆ, ಸ್ಪೋರ್ಟ್‌ನಲ್ಲಿ ಅದೇ ಜಾಸ್ತಿ. ಜೊತೆಗೆ, ಒಂದೇ ವಾಸನೆ ಮೂಗಿಗೆ ಅಭ್ಯಾಸ ಆದರೆ ಹಾಕಿಕೊಂಡವರಿಗೇ ತಿಳಿಯಲ್ಲ. ಸಂಜೆ ಬಂದಾಗ ಅವರ ಕಾಲರ್ ನೀವೇ ಮೂಸಿ ನೋಡಿ, ಮರದ, ಕಸ್ತೂರಿಯ ವಾಸನೆ ಸಣ್ಣಗೆ ಉಳಿದಿರಬಹುದು. ಒಣ ಚರ್ಮವಾದರೆ ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ ಅದರ ಮೇಲೆ ಹೊಡೆಯಲು ಹೇಳಿ.

ಮುಂದಿನ ಸಲ ಕೊಳ್ಳುವಾಗ ಅಂಗಡಿಯವರು ಕೊಡೋ ಕಾಗದದ ಚೂರನ್ನೇ ನಂಬಬೇಡಿ. ನಿಮ್ಮ ಯಜಮಾನರ ಮಣಿಕಟ್ಟಿಗೆ ಹೊಡೆಸಿ, ಉಜ್ಜಬೇಡಿ. ಹೊರಗೆ ಹೋಗಿ ಕಾಫಿ ಕುಡಿದು ಒಂದು ಗಂಟೆ ಬಿಟ್ಟು ಮತ್ತೆ ಮೂಸಿ. ಆಗಲೂ ಇಬ್ಬರಿಗೂ ಇಷ್ಟವಾದರೆ ಮಾತ್ರ ಬಿಲ್ ಮಾಡಿಸಿ.