ಮೈಸೂರಿಗೆ 74, ಮಂಡ್ಯಕ್ಕೆ 71

ಪ್ರಶ್ನೆ: ನನಗೆ 39 ವರ್ಷ, ಪತಿಗೆ 43. ಹದಿನಾರು ವರ್ಷಗಳಿಂದ ಬೆಂಗಳೂರಿನಲ್ಲಿ ಇದ್ದೇವೆ. ಇನ್ನು ಸಾಕು, ಊರ ಕಡೆ ಹೋಗೋಣ ಎಂದು ಇಬ್ಬರೂ ಒಪ್ಪಿದ್ದೇವೆ. ಯಾವ ಊರು ಎಂಬಲ್ಲಿ ಜಗಳ. ನನ್ನ ತವರು ಮೈಸೂರಿನ ಸರಸ್ವತಿಪುರಂ. ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ. ಪತಿಯ ಊರು ಮಂಡ್ಯದಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿ. ಅತ್ತೆ, ಮಾವ, ಎರಡೂವರೆ ಎಕರೆ ಗದ್ದೆ ಅಲ್ಲಿ. ಕಳೆದ ವರ್ಷ ಮಾವನವರ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಪತಿ ವಾರಕ್ಕೆ ಎರಡು ದಿನ ಬೆಂಗಳೂರಿನ ಕಚೇರಿಗೆ ಹೋಗಬೇಕು. ನನ್ನದು ಲೆಕ್ಕಪತ್ರದ ಕೆಲಸ, ಪೂರ್ತಿ ಮನೆಯಿಂದಲೇ ಮಾಡಬಹುದು. ಮಗಳು ಏಳನೇ ತರಗತಿ. ಹೊಸ ಮನೆಯಲ್ಲಿ ಬೆಕ್ಕು ಸಾಕಬಹುದೇ ಎಂಬುದೊಂದೇ ಅವಳ ಪ್ರಶ್ನೆ. ಹತ್ತು ವಿಷಯ ಬರೆದು, ಎರಡೂ ಊರಿಗೆ ಹತ್ತರಲ್ಲಿ ಇಷ್ಟು ಎಂದು ಅಂಕ ಕೊಟ್ಟೆವು. ಮೈಸೂರಿಗೆ 74, ಮಂಡ್ಯಕ್ಕೆ 71 ಬಂತು. ನಾನು ಮೋಸ ಮಾಡಿದೆ ಎಂದು ಪತಿ ಮೂರು ದಿನ ಮಾತು ಬಿಟ್ಟರು. ಪಟ್ಟಿಯನ್ನು ಜೊತೆಗೆ ಇಟ್ಟಿದ್ದೇನೆ, ನೀವೇ ತಿದ್ದಿ ಕೊಡಿ. ಹಬ್ಬಕ್ಕೆ ಹೋದಾಗ ಮೂರು ದಿನ ನಾನು ಅಡುಗೆಮನೆಯಿಂದ ಹೊರಗೆ ಬರುವುದಿಲ್ಲ, ಅದು ಬೇರೆ ಮಾತು.
– ಮೈಸೂರಿನ ಮಗಳು, ಮಂಡ್ಯದ ಸೊಸೆ

ಉತ್ತರ:

ತಂಗಿ,

ಮೊದಲೇ ಹೇಳಿಬಿಡುತ್ತೇನೆ. ನಾನು ಹುಟ್ಟಿದ್ದು ಮದ್ದೂರಿನ ಕಡೆ, ಮದುವೆಯಾಗಿ ಮೈಸೂರಿಗೆ ಬಂದು ಮೂವತ್ತೊಂದು ವರ್ಷವಾಯಿತು. ಹಾಗಾಗಿ ನನ್ನನ್ನು ನೀವೂ ಪೂರ್ತಿ ನಂಬಬೇಡಿ, ನಿಮ್ಮ ಪತಿಯೂ ನಂಬುವುದು ಬೇಡ. 1939ರವರೆಗೆ ಮಂಡ್ಯ ಮೈಸೂರು ಜಿಲ್ಲೆಯ ಒಳಗೇ ಇತ್ತು. ಸರ್ಕಾರ ಪಾಲು ಮಾಡಿದ ಮೇಲೂ ನಮ್ಮ ಕಡೆಯವರು ಹೆಣ್ಣು ಕೊಡುವಾಗ, ತರುವಾಗ ಆ ಗಡಿಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ಈಗ ನೋಡಿದರೆ ನಿಮ್ಮ ಊಟದ ಮೇಜಿನ ಮೇಲೆ ಹೊಸದಾಗಿ ಗಡಿಕಲ್ಲು ನೆಟ್ಟಿದ್ದೀರಿ.

ಪಟ್ಟಿ ಓದಿದೆ. ಮೋಸ ಆಗಿದೆ, ಆದರೆ ಇಬ್ಬರಿಂದಲೂ ಆಗಿದೆ.

ನೀರಿಗೆ ಮಂಡ್ಯಕ್ಕೆ ಒಂಬತ್ತು, ಮೈಸೂರಿಗೆ ಆರು ಎಂದಿದೆ. ಅಂಕ ಕೊಟ್ಟವರು ನಿಮ್ಮ ಪತಿಯೇ ಇರಬೇಕು. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಈಜು ಕಲಿತ ಹುಡುಗನಿಗೆ ಮಂಡ್ಯ ಎಂದರೆ ನೀರು. ಆದರೆ ಅದು ಗದ್ದೆಯ ನೀರು, ಅಡುಗೆಮನೆಯ ನಲ್ಲಿಯದಲ್ಲ. ಅದೂ ಕಟ್ಟು ಪದ್ಧತಿಯಲ್ಲಿ, ಇಷ್ಟು ದಿನ ಹರಿಸಿ ಇಷ್ಟು ದಿನ ನಿಲ್ಲಿಸುವ ನೀರು. ಕನ್ನಂಬಾಡಿ ಕಟ್ಟೆ 124.80 ಅಡಿ ಮುಟ್ಟಿತೇ ಇಲ್ಲವೇ ಎಂಬುದರ ಮೇಲೆ ಆ ಜಿಲ್ಲೆಯ ಇಡೀ ವರ್ಷ ನಿಂತಿರುತ್ತದೆ. ನನ್ನ ತಂದೆ ದಿನಪತ್ರಿಕೆಯಲ್ಲಿ ಮೊದಲು ಹುಡುಕುತ್ತಿದ್ದುದು ಜಲಾಶಯದ ಮಟ್ಟವನ್ನು, ಆಮೇಲೆ ನಿಧನ ವಾರ್ತೆಯನ್ನು. 2023ರಲ್ಲಿ ಕಟ್ಟೆ ತುಂಬಲಿಲ್ಲ. ಆ ಸೆಪ್ಟೆಂಬರಿನಲ್ಲಿ ಮಂಡ್ಯ ಬಂದ್ ಆಯಿತು, ರೈತರು ಬೀದಿಗಿಳಿದರು. ನೀವು ಅದನ್ನು ಬೆಂಗಳೂರಿನಲ್ಲಿ ಕುಳಿತು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅಂಥ ವರ್ಷ ಗದ್ದೆಯ ಮನೆಯೊಳಗೆ ಇರುವುದು ಹೇಗಿರುತ್ತದೆ ಎಂದು ನಿಮ್ಮ ಅತ್ತೆಯನ್ನು ಕೇಳಿ. ಮನೆಯ ಗಂಡಸರು ಮಾತು ಕಡಿಮೆ ಮಾಡುತ್ತಾರೆ, ಸಾರಿಗೆ ಉಪ್ಪು ಹೆಚ್ಚಾಯಿತು ಎಂಬ ದೂರು ಮಾತ್ರ ಹೆಚ್ಚಾಗುತ್ತದೆ. ಒಂಬತ್ತನ್ನು ಆರು ಮಾಡಿದ್ದೇನೆ.

ಮೈಸೂರಿನ ಆರನ್ನೂ ಹಾಗೇ ಬಿಟ್ಟಿಲ್ಲ. ಹಳೆಯ ಬಡಾವಣೆಗಳಲ್ಲಿ ಕಾವೇರಿಯೋ ಕಬಿನಿಯೋ ನಲ್ಲಿಯಲ್ಲಿ ಬರುತ್ತದೆ, ಅಲ್ಲಿ ಎಂಟು ಕೊಡಬಹುದು. ವರ್ತುಲ ರಸ್ತೆಯ ಆಚೆಯ ಎಷ್ಟೋ ಖಾಸಗಿ ಬಡಾವಣೆಗಳಲ್ಲಿ ಕೊಳವೆಬಾವಿಯೇ ಗತಿ, ಅದು ಕೈಕೊಟ್ಟರೆ ಟ್ಯಾಂಕರ್. ಅಲ್ಲಿ ನಾಲ್ಕು. ನೀವು ಇವೆರಡರಲ್ಲಿ ಯಾವ ಮೈಸೂರಿಗೆ ಹೋಗುತ್ತೀರಿ?

ಈ ಪ್ರಶ್ನೆ ನಿಮ್ಮ ಅಂಕಗಳಿಗೂ ಅನ್ವಯಿಸುತ್ತದೆ. 'ಊರಿನ ಅಂದ, ನೆಮ್ಮದಿ' ಎಂಬಲ್ಲಿ ಮೈಸೂರಿಗೆ ಹತ್ತಕ್ಕೆ ಹತ್ತು. ನೀವು ಅಂಕ ಕೊಟ್ಟಿರುವುದು ಕುಕ್ಕರಹಳ್ಳಿ ಕೆರೆಯ ಏರಿಗೆ, ಮಾನಸಗಂಗೋತ್ರಿಯ ಮರದ ನೆರಳಿಗೆ, ಕಾಲೇಜಿಗೆ ನಡೆದೇ ಹೋಗಿ ಬಂದ ನಿಮ್ಮ ಹತ್ತೊಂಬತ್ತನೇ ವಯಸ್ಸಿಗೆ. ಪ್ಲೇಗಿನ ಏಟು ತಿಂದ ಊರು 1903ರಲ್ಲಿ ಮಂಡಳಿಯೊಂದನ್ನು ಮಾಡಿಕೊಂಡು ರಸ್ತೆ, ಚರಂಡಿ, ಬಯಲು ಎಂದು ಯೋಚಿಸಿ ಬೆಳೆಯಿತು. ಹಳೆಯ ಬಡಾವಣೆಗಳ ಅಂದಕ್ಕೆ ಅದೇ ಕಾರಣ. ಆದರೆ ಇವತ್ತು ನಿಮ್ಮ ಕೈಗೆಟಕುವ ಬಾಡಿಗೆಯ ಮನೆ ಸಿಗುವುದು ಬೋಗಾದಿ ದಾಟಿ ಇನ್ನೂ ಆಚೆ. ಅಲ್ಲಿಂದ ಕುಕ್ಕರಹಳ್ಳಿ ಕೆರೆಗೆ ಬರಲು ಸ್ಕೂಟರ್ ತೆಗೆಯಬೇಕು. ಅಮ್ಮನ ಮನೆಯಲ್ಲೇ ಇರುತ್ತೇವೆ ಎಂದು ನೀವು ಬರೆದಿಲ್ಲ, ಬರೆಯದಿರುವುದೇ ಒಳ್ಳೆಯದು. ಇನ್ನು ದಸರೆ. ಆ ಹತ್ತು ದಿನ ನಮ್ಮ ಬೀದಿಯ ಹಳಬರು ಬಾಗಿಲು ಹಾಕಿಕೊಂಡು ಜಂಬೂಸವಾರಿಯನ್ನು ಟಿ.ವಿ.ಯಲ್ಲಿ ನೋಡುತ್ತಾರೆ. ನೆಂಟರು ಮಾತ್ರ ನಮ್ಮ ಮನೆಯಿಂದಲೇ ಹೋಗಿ ನೋಡುತ್ತಾರೆ.

'ಸಂಸ್ಕೃತಿ'ಗೆ ಮೈಸೂರಿಗೆ ಹತ್ತು, ಮಂಡ್ಯಕ್ಕೆ ನಾಲ್ಕು. ರಂಗಾಯಣ ಶುರುವಾದದ್ದು 1989ರಲ್ಲಿ, ಆಗ ನೀವು ಪುಟ್ಟ ಮಗು. ಅಲ್ಲಿಂದ ಮದುವೆಯಾಗುವವರೆಗೆ ಅದರ ಅಂಗಳದಲ್ಲೇ ಬೆಳೆದಂತೆ ಎಂದು ಬರೆದಿದ್ದೀರಿ. ಸಂತೋಷ. ಬೆಂಗಳೂರಿನ ಹದಿನಾರು ವರ್ಷದಲ್ಲಿ ಎಷ್ಟು ನಾಟಕ ನೋಡಿದಿರಿ? ಬೆರಳು ಮಡಚಿ ಹೇಳಿ. ಎರಡನೇ ಕೈ ಬೇಕಾಗದಿದ್ದರೆ ಆ ಹತ್ತನ್ನು ಐದಕ್ಕೆ ಇಳಿಸೋಣ. 2024ರ ಡಿಸೆಂಬರಿನಲ್ಲಿ ಸಾಹಿತ್ಯ ಸಮ್ಮೇಳನ ಮಂಡ್ಯದಲ್ಲೇ ನಡೆಯಿತು, ಬಾಡೂಟ ಬೇಕೇ ಬೇಡವೇ ಎಂಬ ವಾದವೂ ಜೊತೆಗೆ ನಡೆಯಿತು. ಊಟದ ಪಂಕ್ತಿಯಲ್ಲಿ ಯಾರಿಗೆ ಏನು ಬಡಿಸಬೇಕು ಎಂದು ಬೀದಿಯಲ್ಲಿ ನಿಂತು ಕೇಳುವ ಊರಿಗೆ ಸಂಸ್ಕೃತಿ ಕಡಿಮೆ ಎಂದು ನನಗೆ ಅನ್ನಿಸುವುದಿಲ್ಲ.

ಪ್ರಯಾಣದ ಸಾಲು ಮಾತ್ರ ನಿಜವಾಗಿ ಲೆಕ್ಕದ ಸಾಲು. ಮಂಡ್ಯದಿಂದ ಬೆಂಗಳೂರಿಗೆ ಸುಮಾರು ನೂರು ಕಿಲೋಮೀಟರ್, ಮೈಸೂರಿನಿಂದ ಅದರ ಮೇಲೆ ಇನ್ನೂ ನಲವತ್ತೈದು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿ ಊರುಗಳನ್ನು ಬಳಸಿ ಹೋಗುವುದರಿಂದ ದಾರಿ ಹಗುರವಾಗಿದೆ, ಸುಂಕದಿಂದ ಜೇಬೂ ಹಗುರವಾಗುತ್ತದೆ. ಅದೇ ವರ್ಷದ ಆಗಸ್ಟಿನಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್ ಹೋಗುವಂತಿಲ್ಲ. ಆದರೆ ಎಷ್ಟು ಬೇಗ ಕೆಂಗೇರಿ ಮುಟ್ಟಿದರೂ ನಿಜವಾದ ಪ್ರಯಾಣ ಅಲ್ಲಿಂದ ಶುರು ಎಂಬುದು ನಿಮ್ಮ ಪತಿಗೆ ನಾನು ಹೇಳಬೇಕಾದ ವಿಷಯವಲ್ಲ. ರೈಲಿನಲ್ಲಾದರೆ ಮೈಸೂರಿನಲ್ಲಿ ಹತ್ತಿದವರಿಗೆ ಸೀಟು, ಮಂಡ್ಯದಲ್ಲಿ ಹತ್ತಿದವರಿಗೆ ಕಂಬಿ. ವಾರಕ್ಕೆ ಎರಡೇ ದಿನವಾದ್ದರಿಂದ ಕಂಬಿ ಹಿಡಿದು ನಿಲ್ಲಬಹುದು. ಈ ಸಾಲನ್ನು ಮಂಡ್ಯ ಗೆಲ್ಲುತ್ತದೆ.

ಉಳಿದ ಸಾಲುಗಳನ್ನು ಬೇಗ ಮುಗಿಸುತ್ತೇನೆ. ಶಾಲೆ ಎರಡೂ ಕಡೆ ಸಿಗುತ್ತದೆ, ಕಾಲೇಜಿಗೆ ಮೈಸೂರು ಮುಂದು. ತರಕಾರಿ ಎರಡೂ ಕಡೆ ಚೆನ್ನಾಗಿದೆ. ಸೊಳ್ಳೆಯಲ್ಲಿ ಮಂಡ್ಯದ ಗದ್ದೆ ಬಯಲನ್ನು ಮೀರಿಸುವುದು ಕಷ್ಟ. ಹೃದಯದ ತಪಾಸಣೆಗೆ ಮಾವನವರು ಹೇಗೂ ಮೈಸೂರಿಗೋ ಬೆಂಗಳೂರಿಗೋ ಹೋಗಲೇಬೇಕಾಗುತ್ತದೆ. ಎಲ್ಲವನ್ನೂ ತಿದ್ದಿ ಕೂಡಿದರೆ ಎರಡು ಊರಿಗೂ ಅರವತ್ತರ ಆಸುಪಾಸು. ಗೆದ್ದವರಿಲ್ಲ.

ಈಗ ಪಟ್ಟಿಯಲ್ಲಿ ಇಲ್ಲದ ಹನ್ನೊಂದನೆಯ ಸಾಲಿಗೆ ಬರೋಣ. ನೀವು ಅದನ್ನು ಪತ್ರದ ಕೊನೆಯಲ್ಲಿ 'ಬೇರೆ ಮಾತು' ಎಂದು ಬರೆದು ಕೈಬಿಟ್ಟಿದ್ದೀರಿ. ನನಗೆ ಪತ್ರದಲ್ಲಿ ಕಂಡ ಮಾತು ಅದೊಂದೇ.

ಮೈಸೂರಿಗೆ ಹೋದರೆ ನೀವು ಮಗಳು, ಅವರು ಅಳಿಯ. ಮಂಡ್ಯಕ್ಕೆ ಹೋದರೆ ಅವರು ಮಗ, ನೀವು ಸೊಸೆ. ಕೇಳುವುದಕ್ಕೆ ಸರಿಸಮ. ಆದರೆ ಅಳಿಯ ಮನೆಗೆ ಬಂದರೆ ನಿಮ್ಮ ತಾಯಿ ಕಾಫಿ ಲೋಟ ತಂದು ಕೈಗೆ ಕೊಡುತ್ತಾರೆ, ಫ್ಯಾನಿನ ಕೆಳಗೆ ಕುರ್ಚಿ ಎಳೆಯುತ್ತಾರೆ. ಸೊಸೆ ಬಂದರೆ ಅತ್ತೆಗೆ ಕೈಗೊಬ್ಬರು ಸಿಕ್ಕಂತೆ. ನಿಮ್ಮ ಅತ್ತೆ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ, ನೀವೂ ಹೇಳಿಲ್ಲ. ಅವರೂ ನಲವತ್ತು ವರ್ಷ ಹಾಗೇ ದುಡಿದಿದ್ದಾರೆ. ಹಾಗಾಗಿ ಮಂಡ್ಯಕ್ಕೆ ಕೊಟ್ಟ ಅಂಕದಲ್ಲಿ ನಿಮ್ಮ ಪತಿ ಲೆಕ್ಕ ಹಾಕಿದ್ದು ಊರನ್ನು, ನೀವು ಲೆಕ್ಕ ಹಾಕಿದ್ದು ಅಡುಗೆಮನೆಯನ್ನು. ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಆ ಅಂಕಗಳನ್ನು ಸಂಸ್ಕೃತಿಯ ಸಾಲಿನಲ್ಲಿ ಕಳೆದಿದ್ದೀರಿ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಡಕಿದೆ. ನಿಮ್ಮ ಕೆಲಸ ಪೂರ್ತಿ ಮನೆಯಿಂದ. ನಮ್ಮ ಕಡೆ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ ಗಂಡಸಿಗೆ 'ಕೆಲಸ ಮಾಡುತ್ತಿದ್ದಾನೆ' ಎನ್ನುತ್ತಾರೆ, ಹೆಂಗಸಿಗೆ 'ಮನೆಯಲ್ಲೇ ಇದ್ದಾಳಲ್ಲ' ಎನ್ನುತ್ತಾರೆ. ಗಂಡ ಬೆಂಗಳೂರಿಗೆ ಹೋದ ಎರಡು ದಿನ ಮಾವನ ಮಾತ್ರೆ, ಗ್ಯಾಸ್ ಸಿಲಿಂಡರ್, ಗೃಹಪ್ರವೇಶಕ್ಕೆ ಕರೆಯಲು ಬಂದವರು, ಎಲ್ಲವೂ ನಿಮ್ಮ ಪಾಲಿಗೆ. ವರ್ಷ ಕಳೆಯುವುದರೊಳಗೆ 'ನಿನ್ನ ಸಂಬಳ ಇಲ್ಲದಿದ್ದರೂ ನಡೆಯುತ್ತದಲ್ಲ' ಎಂಬ ಮಾತು ಒಳ್ಳೆಯ ಮನಸ್ಸಿನಿಂದಲೇ ಬರುತ್ತದೆ. ನನಗೆ ಬಂದಿತ್ತು. ನಾನು ಕೇಳಿಸಿಕೊಂಡೆ. ಮತ್ತೆ ಬರವಣಿಗೆಯ ಕೆಲಸಕ್ಕೆ ಕೈಹಾಕಲು ನನಗೆ ಒಂಬತ್ತು ವರ್ಷ ಬೇಕಾಯಿತು.

ಇಷ್ಟು ಹೇಳಿದ ಮೇಲೆ, ನನ್ನ ಮತ ಮಂಡ್ಯಕ್ಕೆ. ಆಶ್ಚರ್ಯಪಡಬೇಡಿ. ನಿಮ್ಮ ತಾಯಿ ಒಬ್ಬರೇ ಇದ್ದಾರೆ ಎಂದಿರಿ, ಅವರಿಗೆ ನೀವು ಬೇಕು ಎಂದು ಎಲ್ಲೂ ಹೇಳಿಲ್ಲ. ಅವರನ್ನು ಕೇಳಿದ್ದೀರಾ? ಸರಸ್ವತಿಪುರಂನಲ್ಲಿ ಬಾಳಿದ ಹೆಂಗಸಿಗೆ ಬೆಳಗಿನ ನಡಿಗೆಗೆ ನಾಲ್ವರು, ಸಂಜೆಯ ಭಜನೆಗೆ ಹತ್ತು ಮಂದಿ ಇರುತ್ತಾರೆ. ಅತ್ತ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ ಮಬ್ಬುಗತ್ತಲಲ್ಲಿ ನಾಲೆ ಏರಿಯ ಮೇಲೆ ಬೈಕಿನಲ್ಲಿ ಬರುತ್ತಿದ್ದಾರೆ ಎಂದರೆ ಮಗನಿಗೆ ಬೆಂಗಳೂರಿನಲ್ಲಿ ನಿದ್ದೆ ಬರದಿರುವುದು ಸಹಜ. 2018ರಲ್ಲಿ ಕನಗನಮರಡಿಯಲ್ಲಿ ಬಸ್ಸೇ ನಾಲೆಗೆ ಬಿದ್ದು ಮೂವತ್ತು ಜೀವ ಹೋದ ಮೇಲೆ ಆ ಜಿಲ್ಲೆಯವರು ಯಾರೂ ಆ ಏರಿಯನ್ನು ಮೊದಲಿನಂತೆ ನೋಡುವುದಿಲ್ಲ. ಅವರ ಅವಸರಕ್ಕೆ ಕಾರಣವಿದೆ. ನಿಮ್ಮದಕ್ಕೂ ಇದೆ, ಆದರೆ ನಿಮ್ಮದಕ್ಕೆ ಪರಿಹಾರ ಬೇರೆ ರೀತಿಯಲ್ಲೂ ಸಾಧ್ಯ: ಮಂಡ್ಯದಿಂದ ಮೈಸೂರು ಒಂದು ಗಂಟೆಯ ದಾರಿ, ಬೇಕೆಂದಾಗ ಹೋಗಿ ರಾತ್ರಿ ಉಳಿದು ಬನ್ನಿ, ಮಗಳಾಗಿ.

ಮಂಡ್ಯ ಎಂದರೆ ಮಂಡ್ಯ ಪಟ್ಟಣ. ಹಳ್ಳಿಯ ಮನೆಯಲ್ಲ. ವಿದ್ಯಾನಗರವೋ ಅಶೋಕನಗರವೋ, ರೈಲು ನಿಲ್ದಾಣಕ್ಕೂ ಮಗಳ ಶಾಲೆಗೂ ಹತ್ತಿರವಿರುವ ಬಾಡಿಗೆ ಮನೆ. ಹನ್ನೆರಡು ಕಿಲೋಮೀಟರ್ ಎಂದರೆ ರಾತ್ರಿ ಎದೆನೋವು ಎಂದು ಫೋನ್ ಬಂದಾಗ ಓಡಿಹೋಗುವಷ್ಟು ಹತ್ತಿರ, ಬೆಳಗಿನ ಮುದ್ದೆಗೆ ಕರೆಯಲಾಗದಷ್ಟು ದೂರ. ಶ್ರೀರಂಗಪಟ್ಟಣ ಹೇಗೂ ನಡುವೆ ಇದೆ, ಅಲ್ಲಿ ಮನೆ ಮಾಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಬ್ಬರು ತಾಯಂದಿರ ಕೈಯಲ್ಲೂ ಬೈಗುಳ ತಿನ್ನಲು ಅದಕ್ಕಿಂತ ಪ್ರಶಸ್ತವಾದ ಸ್ಥಳವಿಲ್ಲ.

ಒಂದು ಷರತ್ತಿದೆ, ಅದು ನಿಮ್ಮ ಪತಿಗೆ. ಮನೆ ಹುಡುಕುವ ಮೊದಲೇ ಅವರು ಊರಿಗೆ ಹೋಗಿ ತಮ್ಮ ತಂದೆತಾಯಿಯ ಮುಂದೆ ಕುಳಿತು ತಮ್ಮ ಬಾಯಿಂದಲೇ ಹೇಳಬೇಕು: ನಾವು ಪಟ್ಟಣದಲ್ಲಿ ಬೇರೆ ಮನೆ ಮಾಡುತ್ತೇವೆ, ಹಗಲು ಅವಳಿಗೆ ಕೆಲಸವಿರುತ್ತದೆ, ಮಾತ್ರೆ ಆಸ್ಪತ್ರೆ ಎಲ್ಲ ನನ್ನ ಜವಾಬ್ದಾರಿ, ಬೇಕಾದರೆ ನನಗೆ ಫೋನ್ ಮಾಡಿ. ನೀವು ಪಕ್ಕದಲ್ಲಿ ಇರಬೇಡಿ. ಸೊಸೆಯ ಎದುರು ಆಡಿದರೆ ಅದು ಸೊಸೆ ಕಲಿಸಿದ ಮಾತಾಗುತ್ತದೆ. ಅತ್ತೆ ಅಳಬಹುದು. ಅತ್ತ ಮೇಲೂ ಅವರು ಮಾತು ಬದಲಾಯಿಸದೆ ಬಂದರೆ ಮಂಡ್ಯಕ್ಕೆ ಹೋಗಿ. 'ನಿಧಾನವಾಗಿ ಹೇಳೋಣ, ಮೊದಲು ಹೋಗೋಣ' ಎಂದರೆ ಸುಮ್ಮನೆ ಮೈಸೂರಿನಲ್ಲಿ ಮನೆ ನೋಡಿ, ಬೋಗಾದಿಯ ಆಚೆಯಾದರೂ ಸರಿ. ಆಗ ಅಂಕಗಳ ವಾದವನ್ನು ಮತ್ತೆ ತೆಗೆಯಬೇಡಿ, ಅವರೂ ತೆಗೆಯುವುದು ಬೇಡ.

ಬೆಂಗಳೂರಿನಲ್ಲಿ ಸ್ವಂತ ಮನೆ ಇದ್ದರೆ ಎರಡು ವರ್ಷ ಮಾರಬೇಡಿ, ಊರಿನಲ್ಲಿ ನಿವೇಶನ ಕೊಳ್ಳಲೂ ಹೋಗಬೇಡಿ. ಹೊರಡುವುದಾದರೆ ಈ ಬೇಸಿಗೆಯಲ್ಲೇ ಹೊರಡಿ, ಮಗಳು ಎಂಟನೇ ತರಗತಿಗೆ ಹೊಸ ಶಾಲೆ ಸೇರಿಕೊಳ್ಳಲಿ. ಒಂಬತ್ತು, ಹತ್ತರಲ್ಲಿ ಶಾಲೆ ಬದಲಿಸಿದರೆ ಅವಳಿಗೆ ಸುಮ್ಮನೆ ಹಿಂಸೆ. ಗೌರಿ ಹಬ್ಬಕ್ಕೆ ಊರಿಗೆ ಹೋದಾಗ ಮೂರು ದಿನದಲ್ಲಿ ಒಂದು ದಿನ ನಿಮ್ಮ ಪತಿ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಾರೋ ನೋಡಿ ನನಗೆ ಬರೆಯಿರಿ, ಕುತೂಹಲವಿದೆ.

ಇನ್ನು ಮಗಳ ಬೆಕ್ಕು. ಬಾಡಿಗೆ ಮನೆ ನೋಡಲು ಹೋದಾಗ ಮುಂಗಡ ಎಷ್ಟು ಎಂದು ಕೇಳುವ ಮೊದಲು ಅದನ್ನು ಕೇಳಿ. ಮಂಡ್ಯದಲ್ಲಿ ಹಿತ್ತಿಲಿರುವ ಹಳೆಯ ಮನೆಗಳ ಮಾಲೀಕರು ಬೇಡ ಎನ್ನುವುದು ಕಡಿಮೆ. ಅವರಿಗೆ ಇಲಿಗಳ ಕಾಟ ಗೊತ್ತು.