ಹಳೆಯ ಟ್ರಾನ್ಸ್ ಇಂದಿನ ಡಿಜೆ ಸೆಟ್‌ಗಳಲ್ಲಿ ಏಕೆ ಅಪರೂಪ?

ತೊಂಬತ್ತರ ದಶಕದಲ್ಲಿಯೂ 2000ದ ಆಸುಪಾಸಿನಲ್ಲಿಯೂ ಬಂದ ಟ್ರಾನ್ಸ್ ಎಂಬ ಎಲೆಕ್ಟ್ರಾನಿಕ್ ನೃತ್ಯ ಸಂಗೀತವನ್ನು ಇಂದಿನ ಡಿಜೆಗಳು ಏಕೆ ಹಾಕುವುದಿಲ್ಲ, ಅದು ಹಳತಾಯಿತೆಂಬ ತಾತ್ಸಾರ ಅವರಿಗಿದೆಯೇ ಎಂದು ನೀವು ಕೇಳಿದ್ದೀರಿ. ಆ ಕಾಲದ ಟ್ರಾನ್ಸನ್ನು ಬಹಳ ವರ್ಷಗಳಿಂದ ಕೇಳುತ್ತ, ಹವ್ಯಾಸಕ್ಕಾಗಿ ಮನೆಯಲ್ಲೇ ಮಿಕ್ಸ್ ಮಾಡುತ್ತ ಬಂದಿರುವ ನನಗೆ ತಾತ್ಸಾರದ ಪಾಲು ಬಹಳ ಚಿಕ್ಕದೆಂದೇ ತೋರುತ್ತದೆ. ಆ ಸಂಗೀತ ಬಿಚ್ಚಿಕೊಳ್ಳಲು ಬೇಕಾದಷ್ಟು ಹೊತ್ತು ಇಂದಿನ ಸೆಟ್‌ನಲ್ಲಿ, ಅಂದರೆ ಡಿಜೆ ಒಮ್ಮೆಗೆ ಎಡೆಬಿಡದೆ ನಡೆಸುವ ಸರದಿಯಲ್ಲಿ, ಇಲ್ಲ. ಉಳಿದ ಕಾರಣಗಳೆಲ್ಲ ಇದರ ನಂತರ ಬರುತ್ತವೆ.

ಹಳೆಯ ಟ್ರಾನ್ಸ್ ಟ್ರ್ಯಾಕ್‌ಗಳನ್ನು ಹನ್ನೆರಡು ಇಂಚಿನ ವಿನೈಲ್ ತಟ್ಟೆಗಾಗಿ, ಒಬ್ಬನೇ ಡಿಜೆ ಮೂರು ನಾಲ್ಕು ಗಂಟೆ, ಕೆಲವೊಮ್ಮೆ ಇಡೀ ರಾತ್ರಿ ನಡೆಸುತ್ತಿದ್ದ ಸೆಟ್‌ಗಳಿಗಾಗಿ ಕಟ್ಟಲಾಗುತ್ತಿತ್ತು. ಒಂದೊಂದು ಟ್ರ್ಯಾಕ್ ಏಳೆಂಟು ನಿಮಿಷ ಇರುವುದು ಸಾಮಾನ್ಯವಾಗಿತ್ತು. ಹತ್ತು ನಿಮಿಷದವೂ ಕಡಿಮೆಯಿರಲಿಲ್ಲ. ಮೊದಲ ಒಂದೂವರೆ ನಿಮಿಷ ಬರೀ ಕಿಕ್ (ತಾಳ ಹಿಡಿಯುವ ದಪ್ಪ ಡ್ರಮ್ ಏಟು) ಮತ್ತು ಹೈಹ್ಯಾಟ್ (ಲೋಹದ ತಾಳದ ಚುರುಕು ಸದ್ದು), ಬಳಿಕ ಬೇಸ್ (ಮಂದ್ರ ಸ್ವರಗಳು), ಅದರ ಮೇಲೆ ಮಧುರ ಸ್ವರಪಂಕ್ತಿಯ ಒಂದು ತುಣುಕು, ಆಮೇಲೆ ಇನ್ನೊಂದು, ಹೀಗೆ ಅದು ಏರುತ್ತದೆ. ನಡುವೆ ಕಿಕ್ ನಿಂತು ಸ್ವರಗಳು ಮಾತ್ರ ಉಳಿಯುವ ಬ್ರೇಕ್‌ಡೌನ್ ಬರುತ್ತದೆ. ನಿಮಿಷಕ್ಕೆ 138 ಬೀಟ್‌ಗಳ ವೇಗದಲ್ಲಿ, ನಾಲ್ಕು ಬೀಟ್‌ಗಳ 64 ಬಾರ್‌ಗಳಷ್ಟು ಉದ್ದದ ಬ್ರೇಕ್‌ಡೌನ್ ಎಂದರೆ ಸುಮಾರು 111 ಸೆಕೆಂಡ್. ಅಂದರೆ ಹೆಚ್ಚುಕಡಿಮೆ ಎರಡು ನಿಮಿಷ ಕುಣಿಯುವವರ ಕಾಲಿಗೆ ತಾಳವೇ ಸಿಗುವುದಿಲ್ಲ. ದೊಡ್ಡ ಉತ್ಸವದ ವೇದಿಕೆಯಲ್ಲಿ ಡಿಜೆಗೆ ಸಿಗುವ ಒಂದು ಗಂಟೆಯಲ್ಲಿ ಇಂಥ ಏಳೆಂಟು ಟ್ರ್ಯಾಕ್‌ಗಳನ್ನು ಪೂರ್ತಿ ಹಾಕಿದರೆ ಸೆಟ್ ಮುಗಿದೇಹೋಗುತ್ತದೆ. ಅದೇ ಒಂದು ಗಂಟೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಟ್ರ್ಯಾಕ್‌ಗಳನ್ನು ಪೋಣಿಸುವುದು ಈಗ ರೂಢಿಯಾಗಿದೆ.

ಹಾಗಾದರೆ ಕತ್ತರಿಸಿ ಹಾಕಬಾರದೇ ಎಂದು ನೀವು ಕೇಳಬಹುದು. ಹಾಕುತ್ತಾರೆ, ಆದರೆ ಅದರಿಂದ ಆಗುವ ನಷ್ಟ ದೊಡ್ಡದು. ಎನರ್ಜಿ 52 ಎಂಬ ಹೆಸರಿನಲ್ಲಿ 1993ರಲ್ಲಿ ಬಂದ ‘ಕೆಫೆ ಡೆಲ್ ಮಾರ್’ ಇದಕ್ಕೆ ಒಳ್ಳೆಯ ಉದಾಹರಣೆ; ಹೆಚ್ಚಿನವರ ಕಿವಿಯಲ್ಲಿ ಉಳಿದಿರುವುದು 1997ರಲ್ಲಿ ತ್ರೀ ಎನ್ ಒನ್ ಎಂಬವರು ಮಾಡಿದ ರೀಮಿಕ್ಸ್, ಅಂದರೆ ಮರುರೂಪ. ಅದರ ಪ್ರಸಿದ್ಧ ಸ್ವರಪಂಕ್ತಿ ಬಹಳ ಸರಳವಾದದ್ದು. ನಿಮಿಷಗಟ್ಟಲೆ ಕಾಯಿಸಿದ ಮೇಲೆ ಬರುವುದರಿಂದಲೇ ಅದು ಮೈ ನವಿರೇಳಿಸುತ್ತದೆ. ಮೂವತ್ತು ಸೆಕೆಂಡ್‌ಗಳಲ್ಲಿ ಅಲ್ಲಿಗೆ ಹಾರಿಬಿಟ್ಟರೆ ಕೇಳುಗನಿಗೆ ಪರಿಚಿತ ರಾಗವೊಂದು ಸಿಕ್ಕೀತು, ಅನುಭವ ಸಿಗುವುದಿಲ್ಲ. ಇದನ್ನು ಬಲ್ಲ ಅನೇಕ ಡಿಜೆಗಳು ಆ ಟ್ರ್ಯಾಕ್‌ನ ಮೇಲಿನ ಗೌರವದಿಂದಲೇ ಅದನ್ನು ಚಿಕ್ಕ ಸೆಟ್‌ನಿಂದ ಹೊರಗಿಡುತ್ತಾರೆ ಎಂಬುದು ನನ್ನ ಬಲವಾದ ನಂಬಿಕೆ.

ಎರಡನೆಯ ತೊಡಕು ಧ್ವನಿಯದು. ವಿನೈಲ್ ತಟ್ಟೆಯ ಒಂದು ಬದಿಯಲ್ಲಿ ಸಂಗೀತ ಉದ್ದವಾದಷ್ಟೂ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕಾಗುತ್ತದೆ, ಬೇಸ್ ಜೋರಾದಷ್ಟೂ ಗೆರೆ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಹತ್ತು ನಿಮಿಷದ ಟ್ರ್ಯಾಕ್‌ನ ಬೇಸನ್ನು ಮಿತಿಯಲ್ಲಿಡದೆ ಗತ್ಯಂತರವಿರಲಿಲ್ಲ. ಇಂದಿನ ಟ್ರ್ಯಾಕ್‌ಗಳು ಡಿಜಿಟಲ್ ಕಡತಗಳಾಗಿಯೇ ಹುಟ್ಟುತ್ತವೆ. ಅವುಗಳ ಕಿಕ್ ಆಳವಾಗಿರುತ್ತದೆ, ಒಟ್ಟು ಧ್ವನಿಯನ್ನು ಲಿಮಿಟರ್‌ನಿಂದ (ಸದ್ದಿನ ಏರುಗಳನ್ನು ತಡೆಯುವ ಸಾಧನ) ಒತ್ತಿ ಜೋರು ಮಾಡಲಾಗಿರುತ್ತದೆ. ಅಂಥದೊಂದರ ಬೆನ್ನಿಗೆ 1998ರ ಟ್ರ್ಯಾಕ್ ಹಾಕಿದರೆ ದೊಡ್ಡ ಸ್ಪೀಕರ್‌ಗಳಲ್ಲಿ ಸದ್ದು ಥಟ್ಟನೆ ತೆಳುವಾದಂತಾಗುತ್ತದೆ. ಗೇನ್ (ಸದ್ದಿನ ಮಟ್ಟ) ಏರಿಸಿದರೆ ಮಧ್ಯದ ಸ್ವರಗಳು ಕಿವಿಗೆ ಚುಚ್ಚುತ್ತವೆಯೇ ಹೊರತು ಇಲ್ಲದ ಬೇಸ್ ಹುಟ್ಟಿಕೊಳ್ಳುವುದಿಲ್ಲ.

ವೇಗದ ಸಮಸ್ಯೆಯೂ ಶ್ರುತಿಯ ಸಮಸ್ಯೆಯಾಗಿ ಬಿಡುತ್ತದೆ. 138ರ ಟ್ರ್ಯಾಕನ್ನು 128ರ ಸೆಟ್‌ಗೆ ಇಳಿಸುವುದೆಂದರೆ ಸುಮಾರು ಶೇಕಡಾ 7ರಷ್ಟು ನಿಧಾನಗೊಳಿಸಿದಂತೆ. ಟರ್ನ್‌ಟೇಬಲ್‌ನಲ್ಲಿ ಹಾಗೆ ಮಾಡಿದರೆ ಶ್ರುತಿ ಅರ್ಧಸ್ವರಕ್ಕಿಂತಲೂ ಹೆಚ್ಚು ಕುಸಿಯುತ್ತದೆ. ಶ್ರುತಿಯನ್ನು ಕದಲಿಸದೆ ವೇಗ ಬದಲಿಸುವ ಸೌಲಭ್ಯ ಇಂದಿನ ಉಪಕರಣಗಳಲ್ಲಿ ಇದೆಯಾದರೂ, ಉದ್ದುದ್ದ ಸ್ವರಗಳೇ ಜೀವಾಳವಾಗಿರುವ ಈ ಸಂಗೀತದಲ್ಲಿ ಅದರಿಂದಾಗುವ ಧ್ವನಿಯ ದೋಷಗಳು ಬೇಗ ಕೇಳಿಬರುತ್ತವೆ. ಇದಲ್ಲದೆ ಸಂಗೀತ ಪ್ರಕಟಿಸುತ್ತಿದ್ದ ಅನೇಕ ಸಣ್ಣ ಸಂಸ್ಥೆಗಳು (ಲೇಬಲ್‌ಗಳು) ಮುಚ್ಚಿಹೋಗಿರುವುದರಿಂದ ಎಷ್ಟೋ ಟ್ರ್ಯಾಕ್‌ಗಳು ಡಿಜಿಟಲ್ ಅಂಗಡಿಗಳಲ್ಲಿ ಸಿಗುವುದೇ ಇಲ್ಲ. ತಟ್ಟೆಯಿಂದ ನಕಲು ಮಾಡಿಕೊಂಡ ಪ್ರತಿಯಲ್ಲಿ ವೇಗ ಕೊಂಚ ಓಲಾಡುತ್ತದೆ, ಆಗ ಎರಡು ಟ್ರ್ಯಾಕ್‌ಗಳ ತಾಳವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿಯನ್ನು ನಂಬಿದವರ ಮಿಕ್ಸ್ ಜಾರುತ್ತದೆ.

ವೃತ್ತಿಯ ಒತ್ತಡವೂ ಇದೆ. ಹೆಸರಾಂತ ಡಿಜೆಗಳಲ್ಲಿ ಬಹುಪಾಲು ಜನ ಸ್ವತಃ ಸಂಗೀತ ತಯಾರಿಸುವವರು, ಹಲವರು ಲೇಬಲ್ ನಡೆಸುವವರು. ಬಿಡುಗಡೆಗೆ ಮುನ್ನವೇ ಬರುವ ಪ್ರೊಮೊ ಪ್ರತಿಗಳಿಂದ ಹೊಸದನ್ನು ಮೊದಲು ಕೇಳಿಸಿದವರೆಂಬ ಹೆಸರೂ ಅವರಿಗೆ ಬೇಕು. ಡಚ್ ಟ್ರಾನ್ಸ್ ಡಿಜೆ ಆರ್ಮಿನ್ ವಾನ್ ಬ್ಯೂರನ್ 2001ರಲ್ಲಿ ಆರಂಭಿಸಿದ ‘ಎ ಸ್ಟೇಟ್ ಆಫ್ ಟ್ರಾನ್ಸ್’ ರೇಡಿಯೊ ಕಾರ್ಯಕ್ರಮದಲ್ಲೂ ಹೊಸ ಟ್ರ್ಯಾಕ್‌ಗಳದೇ ದೊಡ್ಡ ಪಾಲು. ಹಳೆಯದಕ್ಕೆ ದೊರೆತಿರುವುದು ಪುಟ್ಟದೊಂದು ಮೂಲೆ.

ಕೇಳುಗರಿಗೆ ಹಳೆಯದು ಬೇಡವಾಗಿದೆ ಎಂಬ ವಾದವನ್ನು ಮಾತ್ರ ನಾನು ಒಪ್ಪುವುದಿಲ್ಲ. 1990ರಲ್ಲಿ ಬಂದು 1992ರ ಜ್ಯಾಮ್ ಅಂಡ್ ಸ್ಪೂನ್ ರೀಮಿಕ್ಸ್‌ನಿಂದ ಮನೆಮಾತಾದ ‘ಏಜ್ ಆಫ್ ಲವ್’ ಟ್ರ್ಯಾಕನ್ನು ಟೆಕ್ನೊ (ಟ್ರಾನ್ಸ್‌ನಂತೆಯೇ ಇನ್ನೊಂದು ಎಲೆಕ್ಟ್ರಾನಿಕ್ ನೃತ್ಯ ಸಂಗೀತ) ಡಿಜೆಗಳಾದ ಶಾರ್ಲೆಟ್ ಡಿ ವಿಟೆ ಮತ್ತು ಎನ್ರಿಕೊ ಸಾಂಜುಲಿಯಾನೊ 2021ರಲ್ಲಿ ಹೊಸದಾಗಿ ರೀಮಿಕ್ಸ್ ಮಾಡಿದಾಗ, ಮೂಲ ಟ್ರ್ಯಾಕ್ ಬಂದಾಗ ಹುಟ್ಟಿಯೇ ಇರದಿದ್ದ ತಲೆಮಾರು ಅದಕ್ಕೆ ಕುಣಿಯಿತು. ಬದಲಾದದ್ದು ಕಿಕ್, ಬೇಸ್ ಮತ್ತು ಅವಧಿ. ಜನರನ್ನು ಹಿಡಿದು ನಿಲ್ಲಿಸಿದ ಸ್ವರಗಳು ಹಳೆಯವೇ. ಟೆಕ್ನೊ ಸೆಟ್‌ಗಳ ವೇಗ ಈಚೆಗೆ ಮತ್ತೆ 140ನ್ನು ದಾಟುತ್ತಿರುವುದರಿಂದ ವೇಗದ ಅಡ್ಡಿಯೂ ಅಲ್ಲಿ ಕರಗಿದೆ, ಹಳೆಯ ಟ್ರಾನ್ಸ್‌ನ ತುಣುಕುಗಳು ಟ್ರಾನ್ಸ್ ಡಿಜೆಗಳಿಗಿಂತ ಟೆಕ್ನೊ ಡಿಜೆಗಳ ಕೈಯಲ್ಲೇ ಹೆಚ್ಚಾಗಿ ಕೇಳಿಬರುತ್ತಿವೆ ಎಂದು ನನಗೆ ಅನಿಸುವುದುಂಟು. ಆದರೂ ಹೀಗೆ ಮರಳಿ ಬರುವುದು ಬೆರಳೆಣಿಕೆಯ ಜನಪ್ರಿಯ ಟ್ರ್ಯಾಕ್‌ಗಳು ಮಾತ್ರ; ತಟ್ಟೆಯ ಹಿಂಬದಿಯಲ್ಲಿದ್ದ ಅಪೂರ್ವ ರಚನೆಗಳನ್ನು ಯಾರೂ ಹುಡುಕಿ ತೆಗೆಯುತ್ತಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ನೀವು ಹಳೆಯ ಟ್ರಾನ್ಸನ್ನು ಅದರ ಪೂರ್ಣ ಉದ್ದದಲ್ಲಿ ಕೇಳಬಯಸಿದರೆ ಒಂದು ಗಂಟೆಯ ಉತ್ಸವ ಸೆಟ್‌ಗಳನ್ನು ಬಿಟ್ಟು, ಒಬ್ಬರೇ ಡಿಜೆ ಆರಂಭದಿಂದ ಕೊನೆಯವರೆಗೆ ನಡೆಸುವ ರಾತ್ರಿಗಳ ಧ್ವನಿಮುದ್ರಣಗಳನ್ನೂ ವಿನೈಲ್ ಮಾತ್ರ ಬಳಸುವ ಸೆಟ್‌ಗಳನ್ನೂ ಹುಡುಕಿರಿ. ನೆದರ್‌ಲೆಂಡ್ಸ್‌ನ ಲುಮಿನಾಸಿಟಿ ಉತ್ಸವದಲ್ಲಿ ‘ಕ್ಲಾಸಿಕ್ಸ್’ ಎಂದು ಗುರುತಿಸಿದ ಸೆಟ್‌ಗಳಿರುತ್ತವೆ. ಹುಡುಕಾಟವನ್ನು ಅಲ್ಲಿಂದ ಶುರುಮಾಡಬಹುದು.