ಹುಬ್ಬಳ್ಳಿಗೆ ಬಂದು ಸ್ಟಾರ್ಟ್‌ಅಪ್ ಶುರು ಮಾಡಲೇ ಎಂದು ಕೇಳಿದವರಿಗೆ

"ಬಾಡಿಗೆ ಮೂರನೇ ಒಂದು ಪಾಲು, ಸಂಬಳ ಅರ್ಧ" ಎಂದು ನೀವು ಬರೆದ ಸಾಲು ಓದಿ ನನಗೆ ನಗು ಬಂತು, ಹಿಂದೆಯೇ ಹೊಟ್ಟೆಯೊಳಗೆ ಸಣ್ಣ ಸಂಕಟವೂ ಆಯಿತು. 2017ರಲ್ಲಿ ಇದೇ ಸಾಲನ್ನು ನಾನೂ ಬರೆದುಕೊಂಡಿದ್ದೆ. ಬೆಂಗಳೂರಿನ ಕೆಲಸ ಬಿಟ್ಟು ಈಗಲೇ ಹುಬ್ಬಳ್ಳಿಗೆ ಬರಲೇ, ಇಲ್ಲವೇ ಊರು ನಿಜವಾಗಿಯೂ ಸ್ಟಾರ್ಟ್‌ಅಪ್ ಕೇಂದ್ರವಾಗುವವರೆಗೆ ಕಾಯಲೇ ಎಂಬುದು ನಿಮ್ಮ ಗೊಂದಲ. ನಾನು ಕಾಯಲಿಲ್ಲ.

ಬೆಂಗಳೂರಿನಲ್ಲಿ ಐದು ವರ್ಷ ದುಡಿದು, ಹದಿನಾಲ್ಕು ಲಕ್ಷ ಕೂಡಿಟ್ಟುಕೊಂಡು ಊರಿಗೆ ಬಂದೆ. ವಿದ್ಯಾನಗರದಲ್ಲಿ ಒಂದು ಮನೆಯ ಮೇಲ್ಮಹಡಿ ತಿಂಗಳಿಗೆ 14,000 ರೂಪಾಯಿಗೆ ಸಿಕ್ಕಿತು. ಮೇಜಿನ ಎದುರಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೆ. ಎಡಗಡೆ ಬೆಂಗಳೂರಿನ ಖರ್ಚು, ಬಲಗಡೆ ಹುಬ್ಬಳ್ಳಿಯ ಖರ್ಚು, ಕೊನೆಯಲ್ಲಿ ಹಸಿರು ಬಣ್ಣದಲ್ಲಿ "ಉಳಿತಾಯ". ಬಾಡಿಗೆ, ಸಂಬಳ, ಚಹಾ, ಇಂಟರ್‌ನೆಟ್, ಎಲ್ಲವೂ ಅದರಲ್ಲಿತ್ತು. ಬೆಳಿಗ್ಗೆ ಕುರ್ಚಿಯಲ್ಲಿ ಕುಳಿತ ಕೂಡಲೇ ಆ ಹಸಿರು ಅಂಕಿಯ ದರ್ಶನವಾದರೆ ದಿನವೆಲ್ಲ ಹುರುಪು.

ಊರಿನಲ್ಲೂ ಹುರುಪಿತ್ತು. ರಾಜ್ಯದ ಸ್ಟಾರ್ಟ್‌ಅಪ್ ನೀತಿ 2015ರಲ್ಲೇ ಬಂದಿತ್ತು. ಇದೇ ನೆಲದವರಾದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ 2018ರಲ್ಲಿ ಇಲ್ಲಿ ಹೊಸ ಉದ್ಯಮಗಳನ್ನು ಸಾಕಿ ಬೆಳೆಸುವ ದೊಡ್ಡ ಇನ್‌ಕ್ಯುಬೇಷನ್ ಕೇಂದ್ರ ತೆರೆಯಿತು. ಊರಿನ ಬಿವಿಬಿ ಎಂಜಿನಿಯರಿಂಗ್ ಕಾಲೇಜು ವಿಶ್ವವಿದ್ಯಾಲಯವಾಗಿತ್ತು, ಪಕ್ಕದ ಧಾರವಾಡಕ್ಕೆ ಐಐಟಿ 2016ರಲ್ಲಿ ಬಂದಿತ್ತು. ಸಭೆಗೊಂದು ಹೊಸ ಹಾರ, ಭಾಷಣಕ್ಕೊಂದು "ಮುಂದಿನ ಬೆಂಗಳೂರು". ನಾನೂ ಎರಡು ವೇದಿಕೆಗಳ ಮೇಲೆ ನಿಂತು ಹಾಗೆಯೇ ಮಾತಾಡಿದ್ದೇನೆ. ಅದರ ಫೋಟೋಗಳು ಈಗಲೂ ಇವೆ, ತೋರಿಸಲಾರೆ.

ನಾವು ಮಾಡಿದ್ದು ಅಮರಗೋಳದ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಗಳಿಗೆ ಲೆಕ್ಕದ ತಂತ್ರಾಂಶ. ರಾಜ್ಯದಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಬಂದು ಟೆಂಡರ್ ಕಂಪ್ಯೂಟರಿಗೆ ಏರಿದ್ದರೂ ಅಂಗಡಿಯೊಳಗಿನ ಲೆಕ್ಕ ಇನ್ನೂ ಕೆಂಪು ಬಟ್ಟೆ ಹೊದಿಸಿದ ಕೀರ್ದಿ ಪುಸ್ತಕದಲ್ಲೇ ನಡೆಯುತ್ತಿತ್ತು. ರೈತ ಮಾಲು ತರುತ್ತಾನೆ, ಚೀಲ ಎಣಿಸಿ ತೂಗುತ್ತಾರೆ, ದರ ಕೂಡಿಬಂದ ಮೇಲೆ ಅಂಗಡಿಯ ಲೆಕ್ಕ ಬರೆಯುವ ದಿವಾನಜಿ ಪಟ್ಟಿ ಬರೆಯುತ್ತಾರೆ. ಇಷ್ಟು ಚೀಲ, ಇಷ್ಟು ತೂಕ, ಮೊದಲು ಪಡೆದ ಮುಂಗಡ ಕಳೆದು ಕೈಗೆ ಇಷ್ಟು. ಆ ಪಟ್ಟಿಯೇ ರೈತನಿಗೂ ಅಂಗಡಿಗೂ ನಡುವಿನ ಮಾತು. ನನ್ನ ಸೋದರಮಾವ ಅಲ್ಲೇ ಅಡತಿ ಅಂಗಡಿಯಲ್ಲಿದ್ದವರು, ಅವರ ಬೆನ್ನು ಹಿಡಿದು ಹೋಗಿ ಒಂದು ವರ್ಷದಲ್ಲಿ ಇಪ್ಪತ್ತಮೂರು ಅಂಗಡಿಗಳನ್ನು ಗಿಟ್ಟಿಸಿಕೊಂಡೆ. ಗಿರಾಕಿಗಳ ಕೊರತೆಯಿಂದ ನಾನು ಮುಳುಗಲಿಲ್ಲ, ಇದನ್ನು ನೆನಪಿಡಿ. ಸಣ್ಣ ಊರಿನಲ್ಲಿ ಮಾರುಕಟ್ಟೆ ಇಲ್ಲ ಎನ್ನುವವರು ಮಾರುಕಟ್ಟೆಗೆ ಹೋದವರಲ್ಲ.

ಮುಳುಗಿದ್ದು ಆ ಹಾಳೆಯಿಂದ.

ಒಬ್ಬ ಹಿರಿಯ ಎಂಜಿನಿಯರ್‌ಗೆ ಬೆಂಗಳೂರಿನಲ್ಲಿ ತಿಂಗಳಿಗೆ ಒಂದೂಕಾಲು ಲಕ್ಷ ಕೊಡಬೇಕಿತ್ತು. ಹುಬ್ಬಳ್ಳಿಯಲ್ಲಿ ಆ ದುಡ್ಡಿಗೆ ಆಗತಾನೇ ಕಾಲೇಜು ಮುಗಿಸಿದ ಎಂಟು ಜನ ಬರುತ್ತಿದ್ದರು, ತಲೆಗೆ ಹದಿನೈದು ಸಾವಿರ. ಎಂಟು ಜೊತೆ ಕೈಗಳು ಒಂದು ತಲೆಗಿಂತ ಹೆಚ್ಚು ಕೆಲಸ ಮಾಡುತ್ತವೆ ಎಂದು ಎಣಿಸಿದೆ. ಹುಡುಗರು ಜಾಣರೇ, ಅದರಲ್ಲಿ ಎರಡು ಮಾತಿಲ್ಲ. ಹೇಳಿದ್ದನ್ನೆಲ್ಲ ಮಾಡುತ್ತಿದ್ದರು. ಹೇಳದೇ ಇದ್ದದ್ದನ್ನು ಕೇಳುವವರು ಮಾತ್ರ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಬೆಂಗಳೂರಿನಲ್ಲಿ ನಾನು ಪರದೆಯ ಮೇಲೆ ಕಾಣುವ ಭಾಗದ ಕೆಲಸ ಮಾಡಿದವನು, ದತ್ತಾಂಶದ ಗೊಡವೆಗೆ ಹೋಗಿರಲಿಲ್ಲ.

ಈಗ ತಪ್ಪನ್ನು ವಿವರವಾಗಿ ಹೇಳುತ್ತೇನೆ. ಕೇಳಿದವರೆಲ್ಲ "ಅಷ್ಟೇನಾ?" ಎನ್ನುತ್ತಾರೆ. ಹೌದು, ಅಷ್ಟೇ.

ಹೊಸ ಪಟ್ಟಿಗೆ ಕ್ರಮಸಂಖ್ಯೆ ಕೊಡಲು ನಮ್ಮ ತಂತ್ರಾಂಶ ಹಿಂದಿನ ಪಟ್ಟಿಯ ಸಂಖ್ಯೆ ನೋಡಿ ಅದಕ್ಕೆ ಒಂದನ್ನು ಕೂಡಿಸುತ್ತಿತ್ತು. ಅಂಗಡಿಯಲ್ಲಿ ಒಂದೇ ಕಂಪ್ಯೂಟರ್ ಇರುವವರೆಗೆ ತೊಂದರೆಯಿಲ್ಲ. 2019ರ ಜನವರಿ, ಹತ್ತಿ ಮತ್ತು ಮೆಣಸಿನಕಾಯಿಯ ಭರಾಟೆ. ದೊಡ್ಡ ಅಂಗಡಿಯೊಂದು ಎರಡನೇ ಕಂಪ್ಯೂಟರ್ ಇಟ್ಟಿತು. ಇಬ್ಬರು ಒಂದೇ ಗಳಿಗೆಯಲ್ಲಿ ಪಟ್ಟಿ ಉಳಿಸಿದರೆ ಎರಡೂ ಕಂಪ್ಯೂಟರ್‌ಗಳಿಗೆ ಹಿಂದಿನ ಸಂಖ್ಯೆ 4,117 ಎಂದೇ ಕಾಣುತ್ತದೆ, ಎರಡೂ 4,118 ಎಂದೇ ಬರೆಯುತ್ತವೆ. ಇಬ್ಬರು ರೈತರಿಗೆ ಒಂದೇ ಸಂಖ್ಯೆಯ ಪಟ್ಟಿ. ಒಬ್ಬನ ಮುಂಗಡ ಇನ್ನೊಬ್ಬನ ಮಾಲಿನಲ್ಲಿ ಕಡಿತವಾಯಿತು. ಹನ್ನೊಂದು ದಿನ ಇದು ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದ ದಿನ, ಆ ಭಾಗವನ್ನು ಬರೆದ ಹುಡುಗ ನಮ್ಮಲ್ಲಿರಲಿಲ್ಲ. ಮೂರು ವಾರದ ಹಿಂದೆ ಅವನಿಗೆ ಬೆಂಗಳೂರಿನಲ್ಲಿ ಎರಡೂವರೆ ಪಟ್ಟು ಸಂಬಳದ ಕೆಲಸ ಸಿಕ್ಕಿತ್ತು. ನಾನೇ ಪೇಢೆ ಹಂಚಿ ಕಳಿಸಿಕೊಟ್ಟಿದ್ದೆ. ಉಳಿದವರಲ್ಲಿ ಒಬ್ಬ, ಇಪ್ಪತ್ತಮೂರರ ಹುಡುಗ, ರಾತ್ರಿ ಹತ್ತಕ್ಕೆ "ಸರ್, ಸಂಖ್ಯೆಗಳನ್ನು ಸಾಲಾಗಿ ಮತ್ತೆ ಜೋಡಿಸುತ್ತೇನೆ" ಎಂದ. ಮಾಡು ಎಂದೆ. ಪ್ರತಿ ಇಟ್ಟುಕೊಂಡು ಅದರ ಮೇಲೆ ಮಾಡಿ ನೋಡು ಎಂದು ಹೇಳಬೇಕೆಂದು ನನಗೆ ತಿಳಿಯದು, ಕೇಳಬೇಕೆಂದು ಅವನಿಗೆ ತಿಳಿಯದು. ಅಂಗಡಿಯ ಅಸಲಿ ಲೆಕ್ಕದ ಮೇಲೆಯೇ ಅವನ ಆಜ್ಞೆಗಳು ಓಡಿದವು. ಹತ್ತು ನಿಮಿಷದಲ್ಲಿ ಹನ್ನೊಂದು ದಿನದ ಪಟ್ಟಿಗಳಲ್ಲಿ ರೈತರ ಹೆಸರು ಒಂದು ಕಡೆ, ಮಾಲು ಇನ್ನೊಂದು ಕಡೆ.

ಬ್ಯಾಕಪ್ ಇದೆಯಲ್ಲ ಎಂದು ನಾನು ಆರಾಮವಾಗಿದ್ದೆ. ಪ್ರತಿ ರಾತ್ರಿ ಎರಡು ಗಂಟೆಗೆ ಅದು ತಾನಾಗಿಯೇ ಆಗುತ್ತಿತ್ತು, ಫೋಲ್ಡರ್‌ನಲ್ಲಿ ದಿನಕ್ಕೊಂದು ಕಡತ ಸಾಲಾಗಿ ನಿಂತಿತ್ತು. ತೆರೆದು ನೋಡಿದರೆ ಎಲ್ಲವೂ ಸೊನ್ನೆ ಬೈಟ್. ನವೆಂಬರ್‌ನಲ್ಲೇ ಡಿಸ್ಕ್ ತುಂಬಿಹೋಗಿತ್ತು. ಕಡತಗಳು ಹೆಸರು ಹೊತ್ತು ಹುಟ್ಟುತ್ತಿದ್ದವು, ಒಳಗೆ ಏನೂ ಇರಲಿಲ್ಲ. ರಾತ್ರಿ ಹನ್ನೆರಡಕ್ಕೆ ಬೆಂಗಳೂರಿನ ಹಳೆಯ ಸಹೋದ್ಯೋಗಿಗೆ ಫೋನ್ ಮಾಡಿದೆ. ಹದಿಮೂರು ವರ್ಷ ಇದೇ ಕೆಲಸ ಮಾಡಿದವರು. ನಿದ್ದೆಗಣ್ಣಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ: "ಆ ಬ್ಯಾಕಪ್ಪಿನಿಂದ ಯಾವತ್ತಾದರೂ ಲೆಕ್ಕ ಮರಳಿ ತೆಗೆದು ನೋಡಿದ್ದಿರಾ?"

ಆ ಒಂದು ಪ್ರಶ್ನೆಯ ಬೆಲೆ ತಿಂಗಳಿಗೆ ಒಂದೂಕಾಲು ಲಕ್ಷ. ನನ್ನ ಹಾಳೆಯಲ್ಲಿ ಅದಕ್ಕೆ ಸಾಲು ಇರಲಿಲ್ಲ.

ನಮ್ಮನ್ನು ಕಾಪಾಡಿದ್ದು ಆ ಅಂಗಡಿಯ ದಿವಾನಜಿ. ಅರವತ್ತು ದಾಟಿದವರು, ನಮ್ಮ ಪರದೆಯ ಮೇಲೆ ಎಳ್ಳಷ್ಟೂ ನಂಬಿಕೆ ಇಲ್ಲದವರು. ಕಂಪ್ಯೂಟರ್ ಬಂದ ಮೇಲೂ ಕಾರ್ಬನ್ ಹಾಳೆಯ ಪುಸ್ತಕದಲ್ಲಿ ಎಲ್ಲ ಪಟ್ಟಿಯನ್ನೂ ಕೈಯಲ್ಲಿ ಬರೆದಿಡುತ್ತಿದ್ದರು. ಅದನ್ನು ಬಿಡಿಸಲು ನಾನು ಮೂರು ಸಲ ಪ್ರಯತ್ನಪಟ್ಟಿದ್ದೆ! ಗಾದಿಯ ಕೆಳಗಿನಿಂದ ಪುಸ್ತಕ ತೆಗೆದು ನನ್ನ ಕೈಗಿಟ್ಟು, "ತಮ್ಮಾ, ನೀಲಿ ಶಾಯಿ ತುಸು ಮಸುಕಾಗಿದೆ, ಬೆಳಕಿನಲ್ಲಿ ಹಿಡಿದು ಓದು" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನಾಲ್ಕು ದಿನ ಅಂಗಡಿಯ ಅಟ್ಟದ ಮೇಲೆ, ಮೆಣಸಿನಕಾಯಿಯ ಘಾಟಿಗೆ ಸೀನುತ್ತ, ಒಂದೊಂದೇ ಪಟ್ಟಿಯನ್ನು ನಾವು ಮತ್ತೆ ತುಂಬಿದೆವು. ಲೆಕ್ಕ ಕೂಡಿತು. ಆದರೆ ಪ್ರಾಂಗಣದಲ್ಲಿ ಸುದ್ದಿಗೆ ಚಕ್ರ ಬೇಕಿಲ್ಲ. ಸಾವಕಾರರೊಬ್ಬರು ಕರೆಸಿ, "ಪಟ್ಟಿ ತಪ್ಪಿದ ಅಂಗಡಿಗೆ ರೈತ ಮತ್ತೆ ಗಾಡಿ ತಿರುಗಿಸುವುದಿಲ್ಲ, ನೀವು ನಮಗೆ ಬೇಡ" ಎಂದರು. ಇಪ್ಪತ್ತಮೂರರಲ್ಲಿ ಹದಿನೇಳು ಅಂಗಡಿಗಳು ಬಿಟ್ಟವು. ಜೂನ್‌ನಲ್ಲಿ ಬೀಗ ಹಾಕಿದೆ.

ತಪ್ಪು ಆ ರಾತ್ರಿಯದೆಂದು ಬಹಳ ದಿನ ಅಂದುಕೊಂಡಿದ್ದೆ. ತಪ್ಪು ಹಾಳೆ ಅಂಟಿಸಿದ ದಿನದ್ದು. ಅಗ್ಗ ಎಂಬುದನ್ನೇ ಊರಿನ ಬಲವೆಂದು ತಿಳಿದೆ. ನಮ್ಮಂಥ ಊರಿನಲ್ಲಿ ಕಲಿತು ಹೊರಬಿದ್ದವರು ಬೇಕಾದಷ್ಟು, ನಿವೃತ್ತರಾಗಿ ಮರಳಿದವರೂ ಬೇಕಾದಷ್ಟು. ಎಂಟು, ಹತ್ತು, ಹನ್ನೆರಡು ವರ್ಷ ದುಡಿದು, ಎರಡು ಮೂರು ಸಲ ಕೈ ಸುಟ್ಟುಕೊಂಡು, ಇನ್ನೂ ದುಡಿಯುವ ವಯಸ್ಸಿನಲ್ಲಿರುವ ನಡುವಿನ ಸಾಲೇ ಇಲ್ಲ. ಆ ಸಾಲು ಮೂರು ವರ್ಷದ ಅನುಭವವಾದೊಡನೆ ರಾತ್ರಿ ಬಸ್ಸು ಹತ್ತಿ ಹೋಗಿರುತ್ತದೆ. 2023ರಿಂದ ವಂದೇ ಭಾರತ್ ರೈಲೂ ಇದೆ. ಬೆಂಗಳೂರಿನವರನ್ನು ಇಲ್ಲಿಗೆ ತರುತ್ತದೆ ಎಂದು ನಾವು ಸಂಭ್ರಮಿಸಿದೆವು. ರೈಲು ಎರಡೂ ಕಡೆಗೆ ಓಡುತ್ತದೆ.

ಆದ್ದರಿಂದ ಊರು ಯಾವಾಗ ಕೇಂದ್ರವಾಗುತ್ತದೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಊರೇನು ಮಳೆಯೇ, ಬರುತ್ತದೆಂದು ಮೋಡ ನೋಡಿಕೊಂಡು ಕೂರಲು? ಬೆಂಗಳೂರನ್ನು ಐಟಿ ಪಾರ್ಕಿನ ಗಾಜು ಕಟ್ಟಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆ 1909ರದು, ಎಚ್‌ಎಎಲ್ 1940ರದು, ಆಮೇಲೆ ದೂರವಾಣಿ ಉಪಕರಣದ ಐಟಿಐ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್, ಇಸ್ರೋ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗ ಊರಿನಲ್ಲಿ ಆಗಲೇ ಎರಡು ತಲೆಮಾರಿನ ಎಂಜಿನಿಯರುಗಳಿದ್ದರು. ಸ್ಟಾರ್ಟ್‌ಅಪ್‌ಗಳ ಕಥೆಯೂ ಅದೇ. ಫ್ಲಿಪ್‌ಕಾರ್ಟ್ ಕಟ್ಟಿದ ಇಬ್ಬರೂ ಅಮೆಜಾನ್‌ನಲ್ಲಿ ಪಳಗಿ ಬಂದವರು, ಸಗಟು ವ್ಯಾಪಾರದ ಉಡಾನ್ ಕಂಪನಿ ಕಟ್ಟಿದವರು ಫ್ಲಿಪ್‌ಕಾರ್ಟ್‌ನಲ್ಲಿ ಪಳಗಿದವರು. ಚೆನ್ನೈನಲ್ಲಿ ತಂತ್ರಾಂಶ ಕಂಪನಿ ಜೋಹೋದಿಂದ ಹೊರಬಂದವರು 2010ರಲ್ಲಿ ಫ್ರೆಶ್‌ವರ್ಕ್ಸ್ ಕಟ್ಟಿದರು. ಹೆಪ್ಪು ಇದ್ದಲ್ಲಿ ಹಾಲು ಮೊಸರಾಗುತ್ತದೆ. ನಾವು ಪಾತ್ರೆ ಕೊಳ್ಳುವುದರಲ್ಲೇ ಇದ್ದೇವೆ.

ಸಣ್ಣ ಊರಿನಲ್ಲಿ ಆಗುವುದೇ ಇಲ್ಲ ಎನ್ನುತ್ತಿಲ್ಲ. ಉಡುಪಿಯಲ್ಲಿ ತಂತ್ರಾಂಶ ಕಂಪನಿ ರೋಬೋಸಾಫ್ಟ್ 1996ರಲ್ಲೇ ಹುಟ್ಟಿತು, ಆಗ ಅಲ್ಲಿ ಯಾರೂ "ಬೆಂಗಳೂರಿನಾಚೆ" ಎಂಬ ಸರ್ಕಾರಿ ಯೋಜನೆಯ ಫಲಕ ಹಾಕಿರಲಿಲ್ಲ. ಜೋಹೋ ತಮಿಳುನಾಡಿನ ತೆಂಕಾಶಿಯ ಹತ್ತಿರದ ಹಳ್ಳಿಯಲ್ಲಿ ಕಚೇರಿ ನಡೆಸುತ್ತಿದೆ. ಆದರೆ ಹಳ್ಳಿಯ ಹುಡುಗರಿಗೆ ಕೆಲಸ ಕಲಿಸುವ ಹಿರಿಯರು ಆ ಕಂಪನಿಯಲ್ಲಿ ಮೊದಲೇ ಇದ್ದರು.

ನನ್ನ ಎರಡನೇ ಸುತ್ತಿನ ಮಾತು ಚಿಕ್ಕದು. ಕೊರೋನಾ ಕಾಲದಲ್ಲಿ ಮನೆಯಿಂದಲೇ ಬೇರೆಯವರ ಕೆಲಸ ಮಾಡಿ ಸಾಲ ತೀರಿಸಿದೆ. 2021ರಲ್ಲಿ ಮತ್ತೆ ಶುರು ಮಾಡುವಾಗ ಮೊದಲು ಕಚೇರಿ ಹುಡುಕಲಿಲ್ಲ, ಒಬ್ಬ ಮನುಷ್ಯರನ್ನು ಹುಡುಕಿದೆ. ತಂದೆಯನ್ನು ನೋಡಿಕೊಳ್ಳಲು ಧಾರವಾಡಕ್ಕೆ ಮರಳಿದ್ದ ಒಬ್ಬರು ಸಿಕ್ಕರು, ದತ್ತಾಂಶದ ಕೆಲಸದಲ್ಲಿ ಹನ್ನೆರಡು ವರ್ಷ ಕಳೆದವರು. ಸಂದರ್ಶನ ಮಾಡಿದ್ದು ಅವರೇ. ಹಿಂದೆ ಏನು ತಪ್ಪಾಯಿತೆಂದು ಕೇಳಿ, ನಾನು ಹೇಳುವಷ್ಟರಲ್ಲೇ "ಬ್ಯಾಕಪ್ ತೆಗೆದು ನೋಡಿರಲಿಲ್ಲವೇ?" ಎಂದರು. ಬೆಂಗಳೂರಿನ ಸಂಬಳವನ್ನೇ ಕೊಡುತ್ತೇನೆ, ಒಂದು ರೂಪಾಯಿ ಕಡಿಮೆಯಿಲ್ಲ. ಈಗ ಒಂಬತ್ತು ಜನ ಇದ್ದೇವೆ. ಪ್ರತಿ ಶುಕ್ರವಾರ ಮಧ್ಯಾಹ್ನ ಆ ಹಿರಿಯರು ಹುಡುಗರಲ್ಲಿ ಒಬ್ಬರಿಂದ ಯಾವುದಾದರೂ ಒಂದು ಅಂಗಡಿಯ ಲೆಕ್ಕವನ್ನು ಬ್ಯಾಕಪ್ಪಿನಿಂದ ಖಾಲಿ ಕಂಪ್ಯೂಟರ್‌ಗೆ ಮರಳಿ ತರಿಸಿ, ಅಂದಿನ ಕೀರ್ದಿಯ ಮೊತ್ತಕ್ಕೆ ತಾಳೆ ನೋಡಿಸುತ್ತಾರೆ. ಅದು ಮುಗಿಯದೆ ಯಾರೂ ಮನೆಗೆ ಹೋಗುವಂತಿಲ್ಲ, ನಾನೂ ಸೇರಿ. ಬಿಟ್ಟುಹೋದ ಹದಿನೇಳರಲ್ಲಿ ಐದು ಅಂಗಡಿಗಳು ಮರಳಿವೆ. ಆ ದಿವಾನಜಿಯ ಅಂಗಡಿಯೂ ಅದರಲ್ಲಿ ಒಂದು. ಕಾರ್ಬನ್ ಪುಸ್ತಕವನ್ನು ಅವರು ಬಿಟ್ಟಿಲ್ಲ, ಬಿಡಿ ಎಂದು ನಾನೂ ಹೇಳಿಲ್ಲ.

ಇನ್ನು ನಿಮ್ಮ ವಿಷಯ. ನಿಮಗೆ ನಾಲ್ಕು ವರ್ಷದ ಅನುಭವ, ನಿಮ್ಮ ಗೆಳೆಯನಿಗೆ ಮೂರು ಎಂದಿದ್ದೀರಿ. ಇಬ್ಬರೂ ಸೇರಿದರೆ ಏಳಾಗುವುದಿಲ್ಲ, ನಾಲ್ಕೇ. ಬೆಂಗಳೂರಿನಲ್ಲೇ ಇನ್ನೆರಡು ವರ್ಷ ಇರಿ, ರಾತ್ರಿ ಫೋನ್ ಬರುವಂಥ ಕೆಲಸವನ್ನು ಕೇಳಿ ಪಡೆಯಿರಿ. ಅಥವಾ ಈಗಲೇ ಬರುವುದಾದರೆ, ಇಲ್ಲಿ ಇರಲು ತಮ್ಮದೇ ಕಾರಣವಿರುವ ಹಿರಿಯರೊಬ್ಬರನ್ನು ಮೊದಲು ಒಪ್ಪಿಸಿ: ವಯಸ್ಸಾದ ತಂದೆ ತಾಯಿ, ಹೊಲ, ಮಗುವಿನ ಶಾಲೆ, ಏನಾದರೂ. ಸಂಬಳ ತುಸು ಹೆಚ್ಚು ಎಂದು ಬಂದವರು ಇನ್ನೂ ತುಸು ಹೆಚ್ಚಿಗೆ ಹೊರಟುಹೋಗುತ್ತಾರೆ.

ಸರ್ಕಾರದ ಎಲಿವೇಟ್ ಅನುದಾನದ ಬಗ್ಗೆ ಕೇಳಿದ್ದೀರಿ. ಐವತ್ತು ಲಕ್ಷದವರೆಗೆ ಕೊಡುತ್ತಾರೆ, ಅರ್ಜಿ ಹಾಕಿ, ಬೇಡ ಎನ್ನುವವನು ದಡ್ಡ. ಆದರೆ ಅರ್ಜಿಯ ಜೊತೆಗಿಡುವ ಖರ್ಚಿನ ಪಟ್ಟಿಯಲ್ಲಿ ಆ ಹಿರಿಯರ ಸಂಬಳವನ್ನು ಮೊದಲ ಸಾಲಿನಲ್ಲಿ ಬರೆಯಿರಿ, ಬಾಡಿಗೆಯನ್ನು ಕೊನೆಯಲ್ಲಿ. ನಮ್ಮ ಕಚೇರಿಯ ಕೆಳಗಿನ ಎರಡು ಕೋಣೆಗಳು ಖಾಲಿ ಬಿದ್ದು ಆರು ತಿಂಗಳಾಯಿತು. ಬಾಡಿಗೆ ತೀರಾ ಕಡಿಮೆ. ಅದಕ್ಕಾಗಿ ಬರಬೇಡಿ.